ಸ್ಟೀರಿಂಗ್ ಹಗುರವಾಯ್ತು ಅಂತ ಪಂಪ್ ಬಿಚ್ಚಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ರಾಗ: "ಸಸ್ಪೆನ್ಷನ್ ಕೆಲಸ ಮಾಡಿಸಿದೆ, ಆಮೇಲೆ ಸ್ಟೀರಿಂಗ್ ಹಗುರವಾಯಿತು." ಹೋದ ವರ್ಷವೂ ಉತ್ತರ ಕೊಟ್ಟಿದ್ದೆ, ಅದಕ್ಕೆ ಹಿಂದಿನ ವರ್ಷವೂ ಕೊಟ್ಟಿದ್ದೆ. ಈ ಸಲ ಒಂದು ಪತ್ರ ಹಿಡಿದು ಪೂರ್ತಿ ಬರೆಯುತ್ತೇನೆ. ಉಳಿದವರು ಇದನ್ನೇ ತಮ್ಮ ಉತ್ತರ ಅಂದುಕೊಳ್ಳಿ.

ಪ್ರಶ್ನೆ: ಸರ್, ನಾನು ಹಾಸನದವನು, ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ನನ್ನದು 1992ರ ಮಾಜ್ಡಾ ಎಂಎಕ್ಸ್-5, 1.6 ಲೀಟರ್, ಪವರ್ ಸ್ಟೀರಿಂಗ್ ಇದೆ. ಈ ಬೇಸಿಗೆಯಲ್ಲಿ ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್ ಎಲ್ಲ ಹೊಸದು ಹಾಕಿಸಿದೆ. ಶಾಕ್ ಅಬ್ಸಾರ್ಬರ್ ಹೊಸದು, ಸ್ಪ್ರಿಂಗ್ ತಗ್ಗಿನವು. ಕಾರು ಮುಂದೆ 30 ಮಿ.ಮೀ. ಇಳಿದಿದೆ, ಹಿಂದೆ 10. ಈಗ ಸ್ಟೀರಿಂಗ್ ಎರಡೇ ಬೆರಳಲ್ಲಿ ತಿರುಗುತ್ತದೆ, ಮೋಟರ್‌ವೇಯಲ್ಲಿ ಎದೆ ಡವಗುಟ್ಟುತ್ತದೆ. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಆಗಿದೆ, ಅಳತೆಯ ಚೀಟಿ ಜೊತೆಗಿಟ್ಟಿದ್ದೇನೆ. ಪವರ್ ಸ್ಟೀರಿಂಗ್ ಪಂಪಿನ ಪ್ರೆಶರ್ ಜಾಸ್ತಿಯಾಗಿದೆ, ಹೊಸ ಪಂಪ್ ಹಾಕಿಸಿ ಅಂತಾರೆ ಗ್ಯಾರೇಜಿನವರು. ಹಾಕಿಸಲೇ?

ಉತ್ತರ: ಬೇಡ. ಪಂಪ್ ಕೆಟ್ಟರೆ ಸ್ಟೀರಿಂಗ್ ಭಾರವಾಗುತ್ತದೆ, ಹಗುರವಾಗುವುದಿಲ್ಲ. ಮೂವತ್ತು ವರ್ಷ ಸುಮ್ಮನಿದ್ದ ಪಂಪು ನೀವು ಬುಷ್ ಬದಲಿಸಿದ ವಾರವೇ ಹುರುಪು ಬಂದು ಜಾಸ್ತಿ ಒತ್ತತೊಡಗಿತು ಅನ್ನುವವರ ಕೈಗೆ ಕಾರಿನ ಕೀಲಿ ಕೊಡಬಾರದು. ಕಾಯಿಲೆ ಯಾವಾಗ ಶುರುವಾಯಿತು ಅಂತ ಕೇಳದೆ ಮಾತ್ರೆ ಬರೆಯುವ ವೈದ್ಯನಿಗೂ ಇವರಿಗೂ ವ್ಯತ್ಯಾಸವಿಲ್ಲ.

ನೀವು ಕಳಿಸಿದ ಚೀಟಿ ನೋಡಿದೆ. ಟೋ (ಮೇಲಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಕಡೆ ಹಸಿರು, ಅಂದರೆ ಮಿತಿಯೊಳಗೆ. ಕ್ಯಾಂಬರ್ (ಎದುರಿನಿಂದ ನೋಡಿದರೆ ಚಕ್ರ ವಾಲಿರುವುದು) ಅದೂ ಹಸಿರು. ಕ್ಯಾಸ್ಟರ್ ಎಂದಿರುವ ಸಾಲಿನಲ್ಲಿ ಬರೀ ಗೀಟು. ನಿಮ್ಮ ಕಾಯಿಲೆ ಆ ಗೀಟಿನಲ್ಲೇ ಇದೆ.

ಕ್ಯಾಸ್ಟರ್ ಎಂದರೇನು ಅಂತ ಉದ್ದಕ್ಕೆ ವಿವರಿಸುತ್ತ ಕೂರುವುದಿಲ್ಲ. ಚಕ್ರ ಹೊರಳುವ ಅಚ್ಚು ಹಿಂದಕ್ಕೆ ವಾಲಿರುವ ಕೋನ ಅದು, ಸ್ಟೀರಿಂಗನ್ನು ತಾನಾಗಿ ನಡುವಿಗೆ ತರುವುದು, ಅದಕ್ಕೆ ತೂಕ ಕೊಡುವುದು ಅದೇ; ಕೈಬಿಟ್ಟು ಸೈಕಲ್ ಹೊಡೆದವರಿಗೆಲ್ಲ ಅದು ಮೈಗೇ ಗೊತ್ತು. ಅದು ಯಾಕೆ ಅಳತೆಯಾಗುವುದಿಲ್ಲ ಅನ್ನುವುದನ್ನು ಮಾತ್ರ ಹೇಳುತ್ತೇನೆ. ಟೋ ನೋಡಲು ಕಾರು ನೆಟ್ಟಗೆ ನಿಂತರೆ ಸಾಕು. ಕ್ಯಾಸ್ಟರ್ ನೋಡಬೇಕಾದರೆ ಮುಂದಿನ ಚಕ್ರಗಳನ್ನು ಟರ್ನ್‌ಟೇಬಲ್ ಎನ್ನುವ ತಿರುಗುವ ತಟ್ಟೆಗಳ ಮೇಲೆ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಬೇಕು. ಹೆಚ್ಚೆಂದರೆ ಐದು ನಿಮಿಷದ ಕೆಲಸ. ಆ ಐದು ನಿಮಿಷ ಉಳಿಸುವುದಕ್ಕೇ ಆ ಗೀಟು. ನಾನೇನು ಸಾಚಾ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಟರ್ನ್‌ಟೇಬಲ್ಲಿನ ಲಾಕ್ ಪಿನ್ ತೆಗೆಯುವುದನ್ನೇ ಮರೆತು ಚಕ್ರ ಹೊರಳಿಸಿದ್ದೆ. ಟೈರು ತಿರುಚಿಕೊಂಡಿತು, ಯಂತ್ರ ಬಾಯಿಗೆ ಬಂದ ಲೆಕ್ಕ ಹೇಳಿತು, ನಾನು ಅದನ್ನೇ ನಂಬಿ ಬೋಲ್ಟ್ ಬಿಗಿದೆ. ಮಾರನೆಯ ಬೆಳಿಗ್ಗೆ ಕಾರಿನವರು ವಾಪಸ್ ಬಂದು ನಿಂತಿದ್ದರು. ಅಂದಿನಿಂದ ಪಿನ್ ತೆಗೆದ ಕೂಡಲೇ ಅಂಗಿ ಜೇಬಿಗೆ ಹಾಕಿಕೊಳ್ಳುತ್ತೇನೆ. ವಾಷಿಂಗ್ ಮಷೀನಿನಲ್ಲಿ ಅದು ಸಿಕ್ಕಾಗಲೆಲ್ಲ ಮನೆಯವರು ಬೈಯುತ್ತಾರೆ, ಬೈಯಲಿ.

ಈಗ ನಿಮ್ಮ ಕಾರಿಗೆ ಬರೋಣ. ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ಕೆಳಗಿನ ಆರ್ಮ್‌ಗಳ ಬುಡದಲ್ಲಿ ಕ್ಯಾಮ್ ಬೋಲ್ಟ್‌ಗಳಿವೆ (ತಿರುಗಿಸಿದರೆ ಆರ್ಮ್ ಕೊಂಚ ಸರಿಯುತ್ತದೆ), ಚಕ್ರಕ್ಕೆ ಎರಡರಂತೆ ಒಟ್ಟು ಎಂಟು. ಮುಂದಿನ ಆರ್ಮಿನ ಎರಡು ಬೋಲ್ಟ್ ಸೇರಿ ಕ್ಯಾಂಬರನ್ನೂ ಕ್ಯಾಸ್ಟರನ್ನೂ ನಿರ್ಧರಿಸುತ್ತವೆ. ಒಂದನ್ನು ಮುಟ್ಟಿದರೆ ಎರಡೂ ಕದಲುತ್ತವೆ. ಬುಷ್ ಬದಲಿಸಲು ಈ ಬೋಲ್ಟ್ ತೆಗೆಯಲೇಬೇಕು. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದರ ದೆಸೆಯಿಂದ ಬೋಲ್ಟು ಬುಷ್ಷಿನ ಒಳಗಿನ ಕೊಳವೆಗೆ ತುಕ್ಕು ಹಿಡಿದು ಅಂಟಿರುತ್ತದೆ. ಕತ್ತರಿಸದೆ ಬರುವುದಿಲ್ಲ. ಕತ್ತರಿಸಿದ ಮೇಲೆ ಹಳೆಯ ಗುರುತು ಹೋಯಿತು. ಹೊಸ ಬೋಲ್ಟನ್ನು ನಡುಗುರುತಿಗೆ ಇಟ್ಟು ಬಿಗಿಯುತ್ತಾರೆ, ಆಮೇಲೆ ಯಂತ್ರದ ಮೇಲೆ ಕ್ಯಾಂಬರ್ ಹಸಿರಾಗುವ ತನಕ ಕೈಗೆ ಸುಲಭವಾಗಿ ಸಿಕ್ಕಿದ ಬೋಲ್ಟೊಂದನ್ನು ತಿರುಗಿಸುತ್ತಾರೆ. ಕ್ಯಾಂಬರ್ ಸರಿಹೋಗುತ್ತದೆ, ಕ್ಯಾಸ್ಟರ್ ದೇವರ ಪಾಲು.

ಅದರ ಮೇಲೆ ನೀವು ಮಾಡಿಕೊಂಡದ್ದು ಬೇರೆ ಇದೆ. ಮುಂದೆ 30, ಹಿಂದೆ 10 ಅಂದಿರಿ, ಅಂದರೆ ಮೂಗು 20 ಮಿ.ಮೀ. ಜಾಸ್ತಿ ಬಗ್ಗಿದೆ. ಈ ಕಾರಿನ ವೀಲ್‌ಬೇಸ್, ಅಂದರೆ ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ, 2265 ಮಿ.ಮೀ. ಮೂಗು ಸುಮಾರು 40 ಮಿ.ಮೀ. ಬಗ್ಗಿದರೆ ಇಡೀ ಕಾರು ಒಂದು ಡಿಗ್ರಿ ಮುಂದಕ್ಕೆ ವಾಲುತ್ತದೆ, ಕ್ಯಾಸ್ಟರೂ ಒಂದು ಡಿಗ್ರಿ ಕಳೆಯುತ್ತದೆ. ನಿಮ್ಮದರಲ್ಲಿ ಯಾರೂ ಬೋಲ್ಟ್ ಮುಟ್ಟುವ ಮೊದಲೇ ಅರ್ಧ ಡಿಗ್ರಿ ಖರ್ಚಾಗಿದೆ. ಕಾರ್ಖಾನೆಯಿಂದ ಬರುವಾಗ ಇರುವುದೇ ನಾಲ್ಕೂವರೆಯ ಆಸುಪಾಸು. ಪವರ್ ಸ್ಟೀರಿಂಗ್ ಇರುವ ಕಾರಿನಲ್ಲಿ ಇದು ಮೂರರ ಕೆಳಗೆ ಬಂದರೆ ನೀವು ಹೇಳುವ ಎರಡು ಬೆರಳಿನ ಕಥೆ ಶುರುವಾಗುತ್ತದೆ.

ಖಾತ್ರಿ ಮಾಡಿಕೊಳ್ಳಲು ಕಾಸು ಖರ್ಚಿಲ್ಲ. ಮೊದಲು ಟೈರಿನ ಗಾಳಿ ನೋಡಿ. 14 ಇಂಚಿನ ಮೂಲ ಚಕ್ರವಾದರೆ 26 ಪಿಎಸ್‌ಐ ಸಾಕು. ಬೇರೆ ಕಾರುಗಳ ಅಭ್ಯಾಸದಲ್ಲಿ 34 ತುಂಬಿಸಿ ಕಳಿಸುತ್ತಾರೆ, ಒಂಬೈನೂರು ಚಿಲ್ಲರೆ ಕಿಲೋ ತೂಕದ ಕಾರು ಅಷ್ಟಕ್ಕೆ ಗೋಲಿಯ ಮೇಲೆ ನಿಂತಂತಾಗುತ್ತದೆ. ಆಮೇಲೆ ಖಾಲಿ ಮೈದಾನದಲ್ಲಿ, ಹೌದು ಖಾಲಿ ಮೈದಾನದಲ್ಲಿ, ಗಂಟೆಗೆ 20 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ಅರ್ಧ ಸುತ್ತು ತಿರುಗಿಸಿ ಹಿಡಿತ ಸಡಿಲಿಸಿ, ಕೈ ಪಕ್ಕದಲ್ಲೇ ಇರಲಿ. ತಾನಾಗಿ ಚುರುಕಾಗಿ ನಡುವಿಗೆ ಬಂದರೆ ನಿಮಗೆ ಹಗುರ ಅನ್ನಿಸುತ್ತಿರುವುದು ಬರೀ ಹೊಸ ಭಾಗಗಳ ಸಲೀಸು. ಇಷ್ಟು ವರ್ಷ ತುಕ್ಕಿನ ಬಿಗಿಯನ್ನೇ ನೀವು ತೂಕ ಅಂದುಕೊಂಡಿದ್ದಿರಿ, ಒಂದು ವಾರ ಓಡಿಸಿ, ಒಗ್ಗಿಹೋಗುತ್ತದೆ. ಸೋಮಾರಿಯಂತೆ ಅರ್ಧದಲ್ಲೇ ನಿಂತರೆ ಕ್ಯಾಸ್ಟರ್ ಕಡಿಮೆ, ಇಲ್ಲವೇ ಎಲ್ಲೋ ಬಿಗಿ. ಜ್ಯಾಕ್ ಹಾಕಿ ಮುಂಭಾಗ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಎಂಜಿನ್ ಆರಿಸಿ ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ. ನಡುನಡುವೆ ಹಿಡಿದರೆ ಬಾಲ್ ಜಾಯಿಂಟ್ ಎನ್ನುವ ಕೀಲು ಅಥವಾ ಸ್ಟೀರಿಂಗಿನ ರ‍್ಯಾಕ್. ಉದ್ದಕ್ಕೂ ಒಂದೇ ಸಮ ಬಂದರೆ ಜಾಮೆಟ್ರಿ, ಅಂದರೆ ಈ ಕೋನಗಳು.

ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆಯೇ ಅನ್ನುವುದನ್ನು ನೀವು ಬರೆದಿಲ್ಲ. ಎಡ-ಬಲ ಕ್ಯಾಸ್ಟರ್ ಬೇರೆ ಬೇರೆಯಿದ್ದರೆ ಕಡಿಮೆ ಇರುವ ಕಡೆಗೆ ಕಾರು ಎಳೆಯುತ್ತದೆ.

ಗ್ಯಾರೇಜಿಗೆ ಹೋದಾಗ ಹೀಗೆ ಹೇಳಿ: ಮೊದಲು ಹಿಂದೆ-ಮುಂದೆ ಎತ್ತರ ಸರಿಮಾಡಿ. ಬುಷ್ ಬೋಲ್ಟ್‌ಗಳನ್ನು ಸಡಿಲಿಸಿ, ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಮತ್ತೆ ಬಿಗಿಯಿರಿ. ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಕಾರು ಸರಿಯಾಗಿ ಕೂರುವುದಿಲ್ಲ, ಬುಷ್ ಬೇಗ ಹರಿಯುತ್ತದೆ. ಆಮೇಲೆ ಹಿಂದಿನ ಚಕ್ರ, ಅದು ಮುಗಿದ ಮೇಲೆ ಮುಂದೆ ಕ್ಯಾಸ್ಟರ್, ಕ್ಯಾಂಬರ್, ಕೊನೆಗೆ ಟೋ. ಟೋ ಮೊದಲು ಮಾಡುವವನಿಗೆ ದುಡ್ಡು ಕೊಡಬೇಡಿ. ಇಷ್ಟೂ ಹೊತ್ತು ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕದ ಯಾರಾದರೂ ಕೂತಿರಲಿ. ರಸ್ತೆಗೆ ಓಡಿಸುವ ಕಾರಿಗೆ ನಾನು ಇಡುವುದು ಕ್ಯಾಸ್ಟರ್ ಐದು ಡಿಗ್ರಿ, ಎಡ-ಬಲ ವ್ಯತ್ಯಾಸ 0.3ರೊಳಗೆ, ಕ್ಯಾಂಬರ್ ಮುಂದೆ ಮೈನಸ್ 1, ಹಿಂದೆ ಮೈನಸ್ 1.5. ಇನ್ನೂ ಜಾಸ್ತಿ ಇಡಿ ಅನ್ನುವವರಿದ್ದಾರೆ. ನಾನು ಇಡುವುದಿಲ್ಲ, ಮಳೆಯಲ್ಲಿ ಓಡಿಸುವವರು ನೀವು. ಹೊಸ ಚೀಟಿಯಲ್ಲಿ ಕ್ಯಾಸ್ಟರ್ ಅಂಕಿ ಕಾಣುವ ತನಕ ಮೋಟರ್‌ವೇ ಬೇಡ.

ಪ್ರಶ್ನೆ: ಜರ್ಮನಿಯಲ್ಲಿದ್ದೇನೆ. ಹಳೆಯ ಪೋರ್ಷೆ 911, ಅಲೈನ್‌ಮೆಂಟ್ ಆದ ಮೇಲೂ ವೇಗದಲ್ಲಿ ಮುಂಭಾಗ ತೇಲಿದಂತಾಗುತ್ತದೆ.

ಉತ್ತರ: ಎಂಜಿನ್ ಬಾಲದಲ್ಲಿದ್ದರೆ ಮೂಗು ಹಗುರವೇ. 1960ರ ದಶಕದಲ್ಲಿ ಕಾರ್ಖಾನೆಯವರೇ ಮುಂದಿನ ಬಂಪರಿನ ಎರಡು ಮೂಲೆಗೆ 11 ಕಿಲೋದ ಎರಕದ ಕಬ್ಬಿಣದ ತುಂಡು ಇಟ್ಟು ಕಳಿಸಿದ್ದರು, 1969ರ ಮಾದರಿಗೆ ವೀಲ್‌ಬೇಸನ್ನೇ 57 ಮಿ.ಮೀ. ಉದ್ದ ಮಾಡಿದರು. ಪೆಟ್ರೋಲ್ ಟ್ಯಾಂಕ್ ಮುಂದಿದೆ, ಅದನ್ನು ಖಾಲಿ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದಿರೋ ಹೇಗೆ?

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಸ್ಟೀರಿಂಗಿಗೆ ತೂಕ ಬರುತ್ತದೆಯೇ?

ಉತ್ತರ: ಬಿಟ್ಟಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಮುಂದಿನ ಪತ್ರ.

ಪ್ರಶ್ನೆ: ಚಿಕ್ಕ ಸ್ಟೀರಿಂಗ್ ವೀಲ್ ಹಾಕಿದರೆ ಹಗುರವಾದದ್ದು ಸರಿಹೋಗುತ್ತದಂತೆ?

ಉತ್ತರ: ಕೈಗೆ ಭಾರವಾಗುತ್ತದೆ, ರೋಗ ಅಲ್ಲೇ ಇರುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಿಂದ. ಹಳೆಯ ಮಾರುತಿ ಜೆನ್, ಸ್ಪೋರ್ಟ್ಸ್ ಕಾರಿನ ಥರ ತಗ್ಗಿಸಲು ಒಂದೂವರೆ ಸುತ್ತು ಸ್ಪ್ರಿಂಗ್ ಕತ್ತರಿಸಿ ಕೊಡುತ್ತೇನೆ ಅಂತಾನೆ ಮೇಸ್ತ್ರಿ.

ಉತ್ತರ: ಕತ್ತರಿಸಿದ ಸ್ಪ್ರಿಂಗ್ ಗಡುಸಾಗುತ್ತದೆ, ಗುಂಡಿಗೆ ಬಿದ್ದು ಚಕ್ರ ಜೋತಾಗ ತಾನು ಕೂತ ಜಾಗದಿಂದ ಜಾರುತ್ತದೆ. ಗ್ಯಾಸ್ ಕಟ್ಟರ್‌ನಿಂದ ಸುಟ್ಟು ಕೊಯ್ದರೆ ಆ ಜಾಗದ ಹದವೂ ಹೋಗಿ ಒಂದು ದಿನ ಮುರಿಯುತ್ತದೆ. ಆ ಮೇಸ್ತ್ರಿಯ ಸ್ವಂತ ಗಾಡಿಯ ಸ್ಪ್ರಿಂಗ್ ಕತ್ತರಿಸಿದ್ದಾನೆಯೇ, ಬಗ್ಗಿ ನೋಡಿಕೊಂಡು ಬನ್ನಿ.