ವೆಚ್ಚ ಒಂದೇ ಆದಾಗ ಸರ್ಕಾರಿ ವಿಶ್ವವಿದ್ಯಾಲಯವೋ, ಖಾಸಗಿಯೋ?

ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಎಂಎಸ್‌ಗೆ ಎರಡು ಕಡೆ ಅಡ್ಮಿಶನ್ ಸಿಕ್ಕಿದೆ, ಒಂದು ರಾಜ್ಯ ಸರ್ಕಾರದ ವಿಶ್ವವಿದ್ಯಾಲಯ, ಇನ್ನೊಂದು ಖಾಸಗಿಯದು, ಖರ್ಚು ಹೆಚ್ಚುಕಡಿಮೆ ಒಂದೇ ಆಗುತ್ತದೆ, ಯಾವುದನ್ನು ಒಪ್ಪಿಕೊಳ್ಳಲಿ ಎಂದು ಕೇಳಿದ್ದೀರಿ. ಇಲ್ಲಿಗೆ ವಿದ್ಯಾರ್ಥಿಯಾಗಿಯೇ ಬಂದು ನೆಲೆ ನಿಂತವನಾದ್ದರಿಂದ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ.

ಮೊದಲಿಗೆ, ಸರ್ಕಾರಿ ಸೀಟು ಎಂದರೆ ಮೆರಿಟ್, ಖಾಸಗಿ ಎಂದರೆ ಹಣ ಎಂಬ ನಮ್ಮ ಊರಿನ ಎಣಿಕೆಯನ್ನು ದಯವಿಟ್ಟು ಬದಿಗಿಡಿ. ಎಂಐಟಿ, ಸ್ಟ್ಯಾನ್‌ಫರ್ಡ್, ಕಾರ್ನೆಗಿ ಮೆಲನ್ ಖಾಸಗಿಯವು. ಬರ್ಕ್ಲಿ, ಮಿಶಿಗನ್, ಜಾರ್ಜಿಯಾ ಟೆಕ್, ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯ ಸರ್ಕಾರಿಯವು. ನಿಮ್ಮ ವಿಷಯದಲ್ಲಿ ಇವೆಲ್ಲ ಒಂದೇ ಪಂಕ್ತಿಯಲ್ಲಿ ನಿಲ್ಲುತ್ತವೆ. ಕೆಲಸ ಕೊಡುವವರು ವಿಶ್ವವಿದ್ಯಾಲಯ ಯಾರದೆಂದು ಕೇಳುವುದಿಲ್ಲ, ನೀವು ಅಲ್ಲಿ ಏನು ಕಲಿತು ಏನು ಮಾಡಿದಿರಿ ಎಂದು ಕೇಳುತ್ತಾರೆ. ಇನ್ನು ಸರ್ಕಾರಿ ಶುಲ್ಕ ಖಾಸಗಿಯಷ್ಟೇ ಏಕೆ ಎಂದರೆ, ರಾಜ್ಯದ ಅನುದಾನದಿಂದ ಶುಲ್ಕ ಇಳಿಯುವುದು ಆ ರಾಜ್ಯದ ನಿವಾಸಿಗಳಿಗೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಅಲ್ಲಿ ಎಷ್ಟು ಕಾಲ ವಾಸವಿದ್ದರೂ ಸಾಮಾನ್ಯವಾಗಿ ಹೊರರಾಜ್ಯದವರ ದರವನ್ನೇ ಕಟ್ಟಬೇಕಾಗುತ್ತದೆ.

ವೆಚ್ಚ ನಿಜವಾಗಿಯೂ ಒಂದೇ ಎಂಬುದನ್ನು ಇನ್ನೊಮ್ಮೆ ಪರಿಶೀಲಿಸಿ. ವಿದ್ಯಾರ್ಥಿ ವೀಸಾಕ್ಕೆಂದು ಎರಡೂ ವಿಶ್ವವಿದ್ಯಾಲಯಗಳು ಕಳುಹಿಸುವ ಐ-20 ಪತ್ರಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಅದರ ಮೊದಲ ಪುಟದಲ್ಲಿ ಅಂದಾಜು ವೆಚ್ಚದ ಪಟ್ಟಿಯ ಮೇಲೆಯೇ ಆ ಲೆಕ್ಕ ಎಷ್ಟು ತಿಂಗಳಿಗೆ ಎಂದು ನಮೂದಾಗಿರುತ್ತದೆ. ಒಂದರಲ್ಲಿ 9 ತಿಂಗಳು, ಇನ್ನೊಂದರಲ್ಲಿ 12 ತಿಂಗಳು ಎಂದಿದ್ದರೆ, ಕೆಳಗಿನ ಮೊತ್ತಗಳು ಸಮವಾಗಿ ಕಂಡರೂ ವಾಸ್ತವದಲ್ಲಿ ಸಮವಲ್ಲ. ಆರೋಗ್ಯ ವಿಮೆ ಆ ಮೊತ್ತದಲ್ಲಿ ಸೇರಿದೆಯೇ, ಶುಲ್ಕ ಕ್ರೆಡಿಟ್ ಲೆಕ್ಕದಲ್ಲಿದೆಯೇ ಅಥವಾ ಪೂರ್ತಿ ಸೆಮಿಸ್ಟರ್‌ಗೆ ಒಂದೇ ದರವೇ, ಖಾಸಗಿಯವರು ಕೊಟ್ಟಿರುವ ಸ್ಕಾಲರ್‌ಶಿಪ್ ಎರಡನೆಯ ವರ್ಷಕ್ಕೂ ಮುಂದುವರಿಯುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಅಷ್ಟಾದ ಮೇಲೂ ಮೊತ್ತ ಸಮವಾಗಿಯೇ ಉಳಿದರೆ, ನನ್ನ ಒಲವು ಸರ್ಕಾರಿ ವಿಶ್ವವಿದ್ಯಾಲಯದ ಕಡೆಗೆ, ಮುಖ್ಯವಾಗಿ ಅಸಿಸ್ಟೆಂಟ್‌ಶಿಪ್, ಅಂದರೆ ಬೋಧನೆಗೋ ಸಂಶೋಧನೆಗೋ ನೆರವಾಗುವ ಸಂಬಳದ ಕೆಲಸದ ಕಾರಣಕ್ಕೆ. ದೊಡ್ಡ ಸರ್ಕಾರಿ ಕ್ಯಾಂಪಸ್‌ಗಳಲ್ಲಿ ಪದವಿ ವಿದ್ಯಾರ್ಥಿಗಳ ಸಂಖ್ಯೆ ಬಹಳ. ಆರಂಭಿಕ ಪ್ರೋಗ್ರಾಮಿಂಗ್ ತರಗತಿಯೊಂದರಲ್ಲೇ ನೂರಾರು ಮಂದಿ ಇರುತ್ತಾರೆ, ಅವರ ಲ್ಯಾಬ್ ನಡೆಸಲು, ಉತ್ತರಪತ್ರಿಕೆ ತಿದ್ದಲು, ಸಂದೇಹ ಪರಿಹರಿಸಲು ಟಿಎಗಳು (ಬೋಧನಾ ಸಹಾಯಕರು) ಬೇಕೇ ಬೇಕು. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಯವರೆಗೆ ದುಡಿಯಲು ಎಫ್-1 ನಿಯಮ ಅವಕಾಶ ಕೊಡುತ್ತದೆ, ಮತ್ತು ಹಲವು ಕಡೆ ಇಂಥ ನೇಮಕ ಸಿಕ್ಕಿದವರಿಗೆ ಸಂಬಳದ ಜೊತೆಗೆ ಶುಲ್ಕದ ದೊಡ್ಡ ಪಾಲೂ ಮನ್ನಾ ಆಗುತ್ತದೆ. ಹಾಗಾದಾಗ, ಪ್ರವೇಶದ ಸಮಯದಲ್ಲಿ ಸಮವೆನಿಸಿದ ವೆಚ್ಚ ಎರಡನೆಯ ಸೆಮಿಸ್ಟರ್‌ನಿಂದಲೇ ಸಮವಾಗಿ ಉಳಿಯುವುದಿಲ್ಲ. ಆದರೆ ಇದು ಖಾತ್ರಿಯ ಮಾತಲ್ಲ: ಕೆಲವು ವಿಭಾಗಗಳು ಪಿಎಚ್‌ಡಿಯವರಿಗೆ ಕೊಟ್ಟು ಉಳಿದದ್ದನ್ನಷ್ಟೇ ಎಂಎಸ್‌ನವರಿಗೆ ಕೊಡುತ್ತವೆ, ಕೆಲವು ಏನನ್ನೂ ಕೊಡುವುದಿಲ್ಲ. ಇದನ್ನು ಪ್ರವೇಶ ಕಚೇರಿಯವರಿಗಿಂತ ಅಲ್ಲಿ ಈಗ ಓದುತ್ತಿರುವವರು ಚೆನ್ನಾಗಿ ಹೇಳಬಲ್ಲರು.

ಸರ್ಕಾರಿ ಕ್ಯಾಂಪಸ್‌ನ ತೊಂದರೆಯೂ ಆ ಗಾತ್ರದಿಂದಲೇ ಹುಟ್ಟುತ್ತದೆ. ಮುಂದಿನ ಸೆಮಿಸ್ಟರ್‌ನ ಕೋರ್ಸ್ ಪಟ್ಟಿಯನ್ನು ಅನೇಕ ವಿಶ್ವವಿದ್ಯಾಲಯಗಳು ಎಲ್ಲರಿಗೂ ಕಾಣುವಂತೆ ಹಾಕಿರುತ್ತವೆ. ಅದನ್ನು ತೆರೆದು, ನಿಮಗೆ ಬೇಕಾದ ಮಷೀನ್ ಲರ್ನಿಂಗ್ ಅಥವಾ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಕೋರ್ಸಿನ ಎದುರು ಎಷ್ಟು ಸೀಟು ಉಳಿದಿದೆ, ವೇಯ್ಟ್‌ಲಿಸ್ಟ್‌ನಲ್ಲಿ ಎಷ್ಟು ಮಂದಿ ಇದ್ದಾರೆ ನೋಡಿ. ಕಟ್ಟಿದ ಶುಲ್ಕಕ್ಕೆ ಬೇಡದ ಕೋರ್ಸ್ ಓದಬೇಕಾಗಿ ಬರುವುದು ಸಣ್ಣ ನಷ್ಟವಲ್ಲ.

ಖಾಸಗಿಯ ಪರವಾಗಿ ನಾನು ಒಪ್ಪುವ ಗಟ್ಟಿಯಾದ ವಾದವೆಂದರೆ ಉದ್ಯೋಗದೊಂದಿಗೆ ಹೆಣೆದ ಓದು. ಬಾಸ್ಟನ್‌ನ ನಾರ್ತ್‌ಈಸ್ಟರ್ನ್‌ನ ಕೋ-ಆಪ್ ಪದ್ಧತಿ (ಓದಿನ ನಡುವೆಯೇ ಕೆಲವು ತಿಂಗಳು ಕಂಪನಿಯಲ್ಲಿ ಕೆಲಸ ಮಾಡುವುದು) ಇದಕ್ಕೆ ಪ್ರಸಿದ್ಧ. ನಿಮ್ಮ ಖಾಸಗಿ ಸಂಸ್ಥೆಯಲ್ಲಿ ಅಂಥ ಏರ್ಪಾಡಿದ್ದು, ನಿಮ್ಮ ಗುರಿ ಸಂಶೋಧನೆಯಲ್ಲ, ನೇರವಾಗಿ ಉದ್ಯೋಗ ಎಂದಾದರೆ, ನನ್ನ ಒಲವನ್ನು ಬದಿಗಿಟ್ಟು ಅದನ್ನೇ ಆರಿಸಿಕೊಳ್ಳಿ. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ 12 ತಿಂಗಳ ಅನುಮತಿ, ಅಂದರೆ ಒಪಿಟಿ, ಮತ್ತು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯದವರಿಗಿರುವ 24 ತಿಂಗಳ ವಿಸ್ತರಣೆಗೆ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲ.

ಭೇದವಿರುವುದು ಬೇರೊಂದು ಕಡೆ, ಮತ್ತು ಅದನ್ನು ಬಹಳ ಜನ ಗಮನಿಸುವುದೇ ಇಲ್ಲ. ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೆ ವರ್ಷಕ್ಕೆ 65,000ದ ಮಿತಿಯಿದ್ದು, ಅದರ ಮೇಲೆ ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆಂದು 20,000 ಮೀಸಲಾಗಿದೆ. ಈ ಮೀಸಲಿಗೆ ಅರ್ಹತೆ ಬರುವುದು ಪದವಿ ಕೊಟ್ಟ ಸಂಸ್ಥೆ ಸರ್ಕಾರಿಯಾಗಿದ್ದರೆ ಅಥವಾ ಲಾಭರಹಿತ ಖಾಸಗಿಯಾಗಿದ್ದರೆ ಮಾತ್ರ, ಅದಕ್ಕೆ ಮಾನ್ಯತೆಯೂ ಇರಬೇಕು. ಲಾಭಕ್ಕಾಗಿ ನಡೆಯುವ ಖಾಸಗಿ ಸಂಸ್ಥೆಯ ಎಂಎಸ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ಕೆಟ್ಟದ್ದೂ ನಡೆದಿದೆ: ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬ ಖಾಸಗಿ ಸಂಸ್ಥೆಯನ್ನು 2011ರಲ್ಲಿ ವೀಸಾ ವಂಚನೆಗಾಗಿ ಮುಚ್ಚಿಸಿದಾಗ ನೂರಾರು ಭಾರತೀಯ ವಿದ್ಯಾರ್ಥಿಗಳ ಭವಿಷ್ಯ ಅತಂತ್ರವಾಯಿತು, ಕೆಲವರ ಕಾಲಿಗೆ ಓಡಾಟದ ಮೇಲೆ ಕಣ್ಣಿಡುವ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಲಾಯಿತು. ನಿಮ್ಮದು ಅಂಥದ್ದೆಂದು ನಾನು ಹೇಳುತ್ತಿಲ್ಲ. ಆದರೆ ಖಾಸಗಿ ಎಂದು ನೀವು ಬರೆದ ಸಂಸ್ಥೆ ಲಾಭರಹಿತವೇ, ಅದಕ್ಕೆ ಯಾರ ಮಾನ್ಯತೆಯಿದೆ ಎಂಬುದನ್ನು ಅಮೆರಿಕದ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಇಂದೇ ನೋಡಿ. ಲಾಭಕ್ಕಾಗಿ ನಡೆಯುವುದೆಂದು ತಿಳಿದರೆ, ಅವರು ಎಷ್ಟೇ ರಿಯಾಯಿತಿ ಕೊಟ್ಟರೂ ಸರ್ಕಾರಿಯದನ್ನೇ ಒಪ್ಪಿಕೊಳ್ಳಿ.

ಎರಡೂ ಈ ಪರೀಕ್ಷೆಯಲ್ಲಿ ಗೆದ್ದರೆ, ಎರಡೂ ವಿಭಾಗಗಳ ಸಂಯೋಜಕರಿಗೆ ಒಂದೇ ಪತ್ರ ಬರೆದು, ಕಳೆದ ವರ್ಷ ಎಂಎಸ್ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಟಿಎ ಅಥವಾ ಆರ್‌ಎ (ಸಂಶೋಧನಾ ಸಹಾಯಕ) ಕೆಲಸ ಸಿಕ್ಕಿತು, ಥೀಸಿಸ್ ಬರೆಯಲು ಬಯಸುವವರಿಗೆ ಮಾರ್ಗದರ್ಶಕರು ದೊರೆಯುತ್ತಾರೆಯೇ ಎಂದು ಕೇಳಿ. ಮುಂಗಡ ಕಟ್ಟುವ ಕೊನೆಯ ದಿನಕ್ಕೆ ಮುಂಚೆ ಉತ್ತರ ಬಂದರೆ ಇಲ್ಲಿಯೇ ತಿಳಿಸಿ, ಎರಡನ್ನೂ ಇಟ್ಟುಕೊಂಡು ಮತ್ತೆ ನೋಡೋಣ.