ಗುಡ್ಡದ ಕಡೆ ಗೋಡೆ ಉಬ್ಬಿದೆ, ಜೆಸಿಬಿ ತರಿಸಲೇ?

ಪ್ರಶ್ನೆ: ಚಿತ್ರದುರ್ಗದ ಕೋಟೆ ಕೆಳಗಿನ ಇಳಿಜಾರಿನಲ್ಲಿ ನಮ್ಮದು ಮಾವನವರ ಕಾಲದ ಮಾಳಿಗೆ ಮನೆ. ಕಾಡುಗಲ್ಲು, ಮಣ್ಣಿನ ಗೋಡೆ. ಗುಡ್ಡದ ಕಡೆ ಗೋಡೆ ಮಳೆಗಾಲ ಮುಗಿದರೂ ಆರುವುದಿಲ್ಲ. ನಡುಮಟ್ಟದಲ್ಲಿ ಅಡ್ಡ ಬಿರುಕು ಬಿಟ್ಟು ಒಳಕ್ಕೆ ಉಬ್ಬಿದೆ. ಜೆಸಿಬಿ ತರಿಸಿ ಹಿತ್ತಲ ಗುಡ್ಡ ಕಡಿಸೋಣ, ಸಿಮೆಂಟ್ ಗಾರೆ ಮಾಡಿ ಮೇಲೊಂದು ಮಹಡಿ ಎತ್ತೋಣ ಅಂತಾರೆ ಕಂಟ್ರಾಕ್ಟರ್. ಮಾಡಿಸಲೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಬೇಡ ತಾಯಿ, ಮೂರೂ ಬೇಡ.

ಪಾಯ ಕುಸಿದರೆ ಬಿರುಕು ಸಾಮಾನ್ಯವಾಗಿ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಅಡ್ಡ ಬಿರುಕು, ಜೊತೆಗೆ ಉಬ್ಬು ಅಂದರೆ ಹಿಂದಿನ ಮಣ್ಣು ನೂಕುತ್ತಿದೆ ಅಂತ. ಮಾಳಿಗೆ ಹೊರಲು ಕಟ್ಟಿದ ಗೋಡೆ ಈಗ ಗುಡ್ಡವನ್ನೂ ತಡೆದು ನಿಂತಿದೆ. ಹಿಂದೆ ಹೋಗಿ ನೋಡಿ. ಹಳಬರು ಮನೆಗೂ ಗುಡ್ಡಕ್ಕೂ ನಡುವೆ ಸಂದಿ ಬಿಟ್ಟು ಕಲ್ಲುಚರಂಡಿ ಇಟ್ಟಿರುತ್ತಿದ್ದರು. ಅದು ಮಣ್ಣು, ಹೆಂಚಿನ ಚೂರು, ಕಸ ಬಿದ್ದು ಮುಚ್ಚಿರಬೇಕು.

ಮೊದಲು ಒಳಗೆ ಜಂತೆಗಳಿಗೆ ಆಸರೆ ಕಂಬ ಕೊಡಿಸಿ. ಆಮೇಲೆ ಬೇಸಿಗೆಯಲ್ಲಿ ಗುದ್ದಲಿ, ಬಾಂಡ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ, ಒಂದು ಸಲಕ್ಕೆ ನಾಲ್ಕೈದು ಅಡಿ ಉದ್ದ ಮಾತ್ರ ತೆಗೆಸಿ. ಜೆಸಿಬಿಯವನು ಅರ್ಧ ದಿನದಲ್ಲಿ ಬುಡ ಪೂರಾ ಕಡಿದು ಹೋಗುತ್ತಾನೆ; ಮೇಲೆ ಕೂತ ಗುಂಡುಕಲ್ಲಿಗೆ ಆಮೇಲೆ ಯಾರು ಜವಾಬ್ದಾರಿ?

ಗುಡ್ಡಕ್ಕೆ ಅದರದೇ ತಡೆಗೋಡೆ ಬೇಕು. ನಮ್ಮ ಕಡೆ ಕಲ್ಲಿಗೇನು ಬರ? 6 ಅಡಿ ಎತ್ತರಕ್ಕೆ ಬುಡದಲ್ಲಿ 3 ಅಡಿಗಿಂತ ಕಡಿಮೆ ದಪ್ಪ ಬೇಡ, ಗುಡ್ಡದ ಕಡೆಗೆ ತುಸು ವಾಲಿರಲಿ, ಬೆನ್ನಿಗೆ ಜಲ್ಲಿ ತುಂಬಿಸಿ. ಸಿಮೆಂಟಲ್ಲಿ ಕಟ್ಟಿದರೆ ನಡುನಡುವೆ 3 ಇಂಚಿನ ಪೈಪು ಇಡಿಸಲೇಬೇಕು. ಸಿಕ್ಕಿಬಿದ್ದ ನೀರಿನ ಒತ್ತಡಕ್ಕೇ ಹೆಚ್ಚು ಗೋಡೆ ಬೀಳೋದು. ಕೋಟೆ ಕಟ್ಟಿದವರ ಲೆಕ್ಕ ನೋಡಿ: ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆಹೊಂಡ. ನಿಮ್ಮ ಚರಂಡಿಯೂ ಮೇಲಿನ ನೀರನ್ನು ಮನೆ ಪಕ್ಕಕ್ಕೆ ತಿರುಗಿಸಿ ಬೀದಿಗೆ ಬಿಡಬೇಕು.

ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ವರ್ಷದಲ್ಲಿ ಹಕ್ಕಳಿಕೆ ಏಳುತ್ತದೆ. ಗೋಡೆ ಚೆನ್ನಾಗಿ ಆರಲಿ, ಸುಣ್ಣದ ಗಾರೆ ಮಾಡಿಸಿ.

ಮಹಡಿ ಮಾತು ಬಿಡಿ. ಈ ಗೋಡೆ ಹೊರುವುದಿಲ್ಲ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ ಬೇರೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಗೆ ಇನ್ನೂ 200 ಮೀಟರ್ ತನಕ ಕಟ್ಟಲು ಅನುಮತಿ ಬೇಕು. ಕೆಲಸ ಹಿಡಿಯುವ ಮುಂಚೆ ದೂರ ಅಳೆಸಿ.

ಇವತ್ತೇ ಮಾಡಬೇಕಾದ್ದು ಒಂದಿದೆ. ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿ ಅಡ್ಡ ಇಟ್ಟು ಎರಡೂ ತುದಿ ಅಂಟಿಸಿ, ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ, ತಡಮಾಡದೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಒಡೆಯದಿದ್ದರೂ ಮಣ್ಣು ತೆಗೆಸುವ ತನಕ ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ.