ವೀಸಾ ತಿರಸ್ಕಾರವಾದಾಗ ನಿರಾಳ ಅನಿಸಿದರೆ

ನಾನು ಆಪ್ತಸಲಹೆಗಾರ್ತಿ. ಬೇರೆ ದೇಶದಲ್ಲಿರುವ ಸಂಗಾತಿಯ ಹತ್ತಿರ ಹೋಗಲು ವೀಸಾಗೆ ಕಾಯುತ್ತಿರುವವರು ನನ್ನ ಬಳಿ ಬರುವುದು ಇತ್ತೀಚೆಗೆ ಜಾಸ್ತಿಯಾಗಿದೆ. ವೀಸಾ ವಿಷಯಕ್ಕೆ ಬಂದೆ ಅಂತ ಯಾರೂ ಹೇಳುವುದಿಲ್ಲ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸುಮ್ಸುಮ್ನೆ ಸಿಟ್ಟು ಬರುತ್ತೆ ಅಂತ ಶುರು ಮಾಡುತ್ತಾರೆ. ಅರ್ಧ ಗಂಟೆ ಮಾತಾಡಿದ ಮೇಲೆ ಫೈಲಿನ ಮಾತು ಬರುತ್ತದೆ. ಅಂಥವರಲ್ಲಿ ಒಬ್ಬರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಸುಮಾ ಅಂತ ಇಟ್ಟುಕೊಳ್ಳೋಣ.

ಸುಮಾ ಫಿಸಿಯೋಥೆರಪಿಸ್ಟ್, ವಯಸ್ಸು ಮೂವತ್ತರ ಆಸುಪಾಸು. ಗಂಡ ಬ್ರಿಟನ್ನಿನಲ್ಲಿ ಕಾಯಂ ವಾಸದ ಹಕ್ಕು ಪಡೆದವರು. ಪರಿಚಯ, ಪ್ರೀತಿ, ಜಗಳ, ರಾಜಿ, ಎಲ್ಲ ಬಹುಪಾಲು ಫೋನಿನಲ್ಲೇ ನಡೆದಿತ್ತು. ಮದುವೆಯಾಗಿ ವರ್ಷ ದಾಟಿದ್ದರೂ ಇಬ್ಬರೂ ಒಂದೇ ಮನೆಯಲ್ಲಿ ಇದ್ದದ್ದು ಕೆಲವೇ ವಾರ. ಸಂಗಾತಿ ವೀಸಾಗೆ ಹಾಕಿದ್ದ ಅರ್ಜಿ ತಿರಸ್ಕಾರವಾಗಿತ್ತು. ಅದಾದ ಮೇಲೆ ನಿದ್ದೆ ಕೆಟ್ಟಿತು ಅಂತ ನನ್ನ ಹತ್ತಿರ ಬಂದರು.

ತಿರಸ್ಕಾರಕ್ಕೆ ಕಾರಣ ಸಂಬಳದ ಲೆಕ್ಕ. ಬ್ರಿಟನ್ನಿಗೆ ಸಂಗಾತಿಯನ್ನು ಕರೆಸಿಕೊಳ್ಳುವವರ ವರ್ಷದ ಆದಾಯ ಕನಿಷ್ಠ 29,000 ಪೌಂಡ್ ಇರಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಲ್ಲಿ ಬಂತು. ಅದಕ್ಕೆ ಮೊದಲು 18,600 ಸಾಕಿತ್ತು. ಗಂಡನ ಹಳೇ ಸಂಬಳ ಹೊಸ ಗೆರೆಗಿಂತ ಸ್ವಲ್ಪ ಕೆಳಗಿತ್ತು. ಅದಕ್ಕೆಂದೇ ಅವರು ಕೆಲಸ ಬದಲಿಸಿದರು. ಹೊಸ ಕಡೆ ಸಂಬಳ ಸಾಕಷ್ಟಿತ್ತು, ಆದರೆ ಅಲ್ಲಿ ಸೇರಿ 6 ತಿಂಗಳಾಗಿರಲಿಲ್ಲ. 6 ತಿಂಗಳು ಆಗಿಲ್ಲ ಅಂದರೆ ಹಿಂದಿನ 12 ತಿಂಗಳಲ್ಲಿ ಕೈಗೆ ಬಂದದ್ದೆಷ್ಟು ಅಂತಲೂ ನೋಡುತ್ತಾರೆ. ಆ ಲೆಕ್ಕ ಕೈಕೊಟ್ಟಿತು. ವೀಸಾಗೋಸ್ಕರ ಬದಲಿಸಿದ ಕೆಲಸವೇ ವೀಸಾಗೆ ಅಡ್ಡ ಬಂತು.

ಸುಮಾ ಅವರ ಸಂಬಳ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಹೊರಗಿನಿಂದ ಅರ್ಜಿ ಹಾಕುವವರು ಎಷ್ಟೇ ದುಡಿಯುತ್ತಿರಲಿ, ಆ ದುಡಿಮೆಯನ್ನು ಎಣಿಸುವುದಿಲ್ಲ. ಕೂಡಿಟ್ಟ ಹಣವನ್ನು ಎಣಿಸುತ್ತಾರೆ, ಆದರೆ ಬರೀ ಅದರ ಮೇಲೆಯೇ ಹೋಗಬೇಕು ಅಂದರೆ 88,500 ಪೌಂಡ್ ಬೇಕು. ಎಷ್ಟು ಜನರ ಹತ್ತಿರ ಇರುತ್ತೆ?

ಮೊದಲ ಕೆಲವು ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನಿದ್ದೆ, ಫೋನು, ಮನೆಯವರ ಪ್ರಶ್ನೆಗಳು, ಇವುಗಳಲ್ಲೇ ಸಮಯ ಹೋಯಿತು. ಒಂದು ದಿನ ಅವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಹೇಳಿದರು: "ಮೇಡಂ, ಒಂದು ವಿಷಯ ಯಾರಿಗೂ ಹೇಳಿಲ್ಲ. ಆವತ್ತು ರಿಜೆಕ್ಟ್ ಅಂತ ಇಮೇಲ್ ಓದಿದಾಗ ನನಗೆ ದುಃಖ ಆಗಲಿಲ್ಲ. ಉಸಿರು ಬಿಟ್ಟ ಹಾಗಾಯ್ತು. ಆಮೇಲೆ ಅವರಿಗೆ ಫೋನ್ ಮಾಡಿ ಅತ್ತೆ. ಅಳು ನಿಜಾನೇ. ಆದರೆ ಮೊದಲು ಬಂದಿದ್ದು ಅಳು ಅಲ್ಲ." ಸ್ವಲ್ಪ ತಡೆದು ಕೇಳಿದರು: "ಅಂದರೆ ನನಗೆ ಅವರ ಮೇಲೆ ಪ್ರೀತಿ ಇಲ್ಲ ಅಂತಾನಾ?"

ಈ ಪ್ರಶ್ನೆಯನ್ನು ನಾನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಹೆಂಗಸರೂ ಕೇಳಿದ್ದಾರೆ, ಗಂಡಸರೂ ಕೇಳಿದ್ದಾರೆ. ತಕ್ಷಣ ಹೌದು ಅನ್ನುವುದಾಗಲಿ, ಛೇ ಇಲ್ಲ ಅನ್ನುವುದಾಗಲಿ ಸಲಹೆಗಾರರು ಮಾಡಬಾರದು ಅಂತ ನಾನು ನಂಬುತ್ತೇನೆ. ನಿರಾಳ ಅನಿಸಿತು ಅಂದರೆ ಯಾವುದೋ ಭಾರ ಇಳಿದಿದೆ ಅಂತಷ್ಟೇ ಅರ್ಥ. ಆ ಭಾರ ಗಂಡನೇ ಆಗಿರಬೇಕೆಂದಿಲ್ಲ. ಏನು ಇಳಿಯಿತು ಅಂತ ಹುಡುಕಬೇಕು.

ಅವರ ಚೀಲದಲ್ಲಿ ಅರ್ಜಿಯ ಪ್ರತಿ ಇತ್ತು. ಇಂಥವರ ಚೀಲದಲ್ಲಿ ಅದು ಯಾವಾಗಲೂ ಇರುತ್ತದೆ. ಫೋಟೋಗಳು, ವಿಮಾನದ ಟಿಕೆಟ್, ಫೋನ್ ಕರೆಗಳ ಪಟ್ಟಿ, ವಾಟ್ಸ್ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್‌ಗಳು. ಸಂಬಂಧ ನಿಜವಾದದ್ದು, ಈಗಲೂ ನಡೆಯುತ್ತಿದೆ ಅಂತ ತೋರಿಸಲು ಇವೆಲ್ಲ ಬೇಕು. ಜೊತೆಗೆ ಸುಮಾ ತಾವೇ ಬರೆದ ಎರಡು ಪುಟದ ಪತ್ರವೂ ಇತ್ತು. "ಇದನ್ನು ಜೋರಾಗಿ ಓದುತ್ತೀರಾ?" ಅಂದೆ.

ಓದಿದರು. ಪತ್ರ ಚೆನ್ನಾಗಿತ್ತು. ಹೇಗೆ ಪರಿಚಯವಾಯಿತು, ಮದುವೆ ಎಲ್ಲಿ ಆಯಿತು, ಆಮೇಲೆ ಎಷ್ಟು ಸಲ ಭೇಟಿಯಾದರು. ಎರಡನೇ ಪುಟದಲ್ಲಿ ಗಂಡನ ಕೆಲಸ, ಗಂಡನ ಬಾಡಿಗೆ ಮನೆ, ಅದರಲ್ಲಿ ಎಷ್ಟು ಕೋಣೆ, ಅಲ್ಲಿಂದ ಅವರ ಆಫೀಸಿಗೆ ಎಷ್ಟು ಹೊತ್ತು. ಕೊನೆಯಲ್ಲಿ, ನಾನು ನನ್ನ ಪತಿಯ ಜೊತೆ ಶಾಶ್ವತವಾಗಿ ಬಾಳಲು ಬಯಸುತ್ತೇನೆ. ಸಹಿ.

"ಈ ಮನೆಯಿಂದ ಬೆಳಗ್ಗೆ ಅವರು ಆಫೀಸಿಗೆ ಹೋಗ್ತಾರೆ. ನೀವು ಎಲ್ಲಿಗೆ ಹೋಗ್ತೀರಿ?" ಅಂತ ಕೇಳಿದೆ.

ಅವರು ಪತ್ರವನ್ನು ಮತ್ತೆ ನೋಡಿದರು, ಉತ್ತರ ಅದರಲ್ಲೇ ಎಲ್ಲೋ ಇದೆ ಅನ್ನುವ ಹಾಗೆ. ಆಮೇಲೆ ಹೇಳಿದರು: "ಅವರಿಗೆ ಅಲ್ಲಿ ಒಂದು ಊರೇ ಇದೆ ಮೇಡಂ. ಆಫೀಸು, ಫ್ರೆಂಡ್ಸು, ಶನಿವಾರದ ಕ್ರಿಕೆಟ್ಟು. ನನಗೆ ಅಲ್ಲಿ ಅವರು ಒಬ್ಬರೇ. ಅವರಿಗೆ ಒಂದು ದಿನ ನನ್ನ ಮೇಲೆ ಬೇಜಾರಾದ್ರೆ ನನ್ನ ಇಡೀ ಊರಿಗೇ ಬೇಜಾರಾದ ಹಾಗೆ."

ಇಷ್ಟು ದಿನ ಮಾತಾಡಿದ್ದಕ್ಕೆಲ್ಲ ಈ ಒಂದು ಮಾತು ಸಮ. ಅವರ ನಿದ್ದೆ ಕೆಡಿಸಿದ್ದು ತಿರಸ್ಕಾರವೂ ಅಲ್ಲ, ಗಂಡನೂ ಅಲ್ಲ. ಹದಿನೈದು ವರ್ಷ ಓದಿ, ದುಡಿದು ಕಟ್ಟಿಕೊಂಡಿದ್ದ ತನ್ನತನವನ್ನು ವಿಮಾನ ಹತ್ತುವಾಗ ಬಿಟ್ಟು ಹೋಗಬೇಕು ಅಂತ ಅವರು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದರು. ಯಾರೂ ಹಾಗೆ ಹೇಳಿರಲಿಲ್ಲ. ತಮ್ಮ ಸಂಬಳಕ್ಕೆ ಬೆಲೆಯಿಲ್ಲದ ಫಾರ್ಮುಗಳನ್ನು ತಿಂಗಳುಗಟ್ಟಲೆ ತುಂಬುತ್ತಾ ಅವರಿಗೂ ಹಾಗೇ ಅನಿಸತೊಡಗಿತ್ತು.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ವೀಸಾ ಅಧಿಕಾರಿ ಕೇಳುವುದು ಈ ಸಂಬಂಧ ನಿಜವೇ, ಖರ್ಚಿಗೆ ಹಣವಿದೆಯೇ ಅಂತ. ಅಲ್ಲಿ ಹೋಗಿ ನೀವು ಹೇಗೆ ಬದುಕುತ್ತೀರಿ ಅಂತ ಅವರು ಕೇಳುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಕಷ್ಟ ಏನೆಂದರೆ ದಂಪತಿಗಳೂ ಅಧಿಕಾರಿಯ ಪ್ರಶ್ನೆಗಳನ್ನೇ ತಮ್ಮ ಪ್ರಶ್ನೆ ಮಾಡಿಕೊಳ್ಳುತ್ತಾರೆ. ದಿನಾ ಫೋನಿನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಬಂತಾ, ಟಿಬಿ ಟೆಸ್ಟ್ ಆಯ್ತಾ, ಇಂಗ್ಲಿಷ್ ಸರ್ಟಿಫಿಕೇಟ್ ಸಿಕ್ತಾ. ವೀಸಾ ಬಂದ ದಿನ ಇಬ್ಬರಿಗೂ ಮಾತಾಡಲು ಬೇರೆ ವಿಷಯವೇ ಇರುವುದಿಲ್ಲ.

ಸುಮಾಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಅರ್ಜಿ ಕೈಬಿಡಬೇಡಿ, ಹಾಗಂತ ನಾಳೆಯೇ ಮತ್ತೆ ಹಾಕಬೇಡಿ. ಗಂಡನ ಹೊಸ ಕೆಲಸಕ್ಕೆ 6 ತಿಂಗಳು ತುಂಬುವವರೆಗೆ ಹೇಗೂ ಕಾಯಬೇಕು. ಆ ಸಮಯದಲ್ಲಿ ಇನ್ನೊಂದು ಪತ್ರ ಬರೆಯಿರಿ. ಇದು ಅಧಿಕಾರಿಗಲ್ಲ, ಗಂಡನಿಗೆ. ಅಲ್ಲಿ ನಿಮ್ಮ ದಿನ ಹೇಗಿರಬೇಕು, ನಿಮ್ಮ ಹತ್ತಿರ ನಿಮ್ಮದೇ ಹಣ ಎಷ್ಟಿರಬೇಕು, ಒಂದು ವರ್ಷವಾದರೂ ಹೊಂದಿಕೆಯಾಗದಿದ್ದರೆ ಇಬ್ಬರೂ ಏನು ಮಾಡಬೇಕು, ಎಲ್ಲ ಬರೆಯಿರಿ. ಅವರೂ ಮಾತಿನಲ್ಲಿ ಅಲ್ಲ, ಬರವಣಿಗೆಯಲ್ಲೇ ಉತ್ತರ ಕೊಡಲಿ. ಫೋನಿನಲ್ಲಿ "ಆಯ್ತು ಬಿಡು" ಅಂದುಬಿಡುವುದು ಸುಲಭ, ಬರೆಯಲು ಕೂತರೆ ಯೋಚಿಸಬೇಕಾಗುತ್ತದೆ.

ಎರಡನೆಯದು ಕೆಲಸದ ಮಾತು. ಸಂಗಾತಿ ವೀಸಾದಲ್ಲಿ ಹೋದವರು ಬ್ರಿಟನ್ನಿನಲ್ಲಿ ಕೆಲಸ ಮಾಡಬಹುದು. ಆದರೆ ಫಿಸಿಯೋಥೆರಪಿಸ್ಟ್ ಅಂತ ಹೇಳಿಕೊಂಡು ಕೆಲಸ ಮಾಡಲು ಅಲ್ಲಿನ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಲೇಬೇಕು. ಅದಕ್ಕೆ ಹೊರದೇಶದಲ್ಲಿದ್ದುಕೊಂಡೇ ಅರ್ಜಿ ಹಾಕಬಹುದು. ಸುಮಾಗೆ ಇದು ಗೊತ್ತಿತ್ತು. ವೀಸಾ ಬರಲಿ ಆಮೇಲೆ ನೋಡೋಣ ಅಂತ ಮುಂದೂಡಿದ್ದರು. ಅದನ್ನು ಈ ವಾರವೇ ಶುರು ಮಾಡಿ ಅಂದೆ.

ಮೂರನೆಯದು, ಆಗುವುದಾದರೆ ಮೊದಲು ವಿಸಿಟರ್ ವೀಸಾದಲ್ಲಿ ಕೆಲವು ವಾರ ಹೋಗಿ ಬನ್ನಿ. ಅವರು ರಜೆ ಹಾಕಬಾರದು, ಎಂದಿನಂತೆ ಕೆಲಸಕ್ಕೆ ಹೋಗಬೇಕು. ಆಗ ಆ ಮನೆಯ ಹಗಲು ಹೇಗಿರುತ್ತೆ ಅಂತ ಗೊತ್ತಾಗುತ್ತದೆ. ವಿಸಿಟರ್ ಆಗಿ ಹೋಗಿ ಅಲ್ಲೇ ಕೂತು ಸಂಗಾತಿ ವೀಸಾಗೆ ಬದಲಾಯಿಸಿಕೊಳ್ಳಲು ಬರುವುದಿಲ್ಲ, ಹಿಂದಿನ ತಿರಸ್ಕಾರವನ್ನು ಫಾರ್ಮಿನಲ್ಲಿ ಮುಚ್ಚಿಡಬಾರದು. ಇಷ್ಟರ ಮೇಲಿನ ಕಾಗದಪತ್ರದ ಪ್ರಶ್ನೆಗಳಿಗೆ ವಲಸೆ ವಕೀಲರನ್ನು ಕೇಳಿ ಅಂತ ಹೇಳಿದೆ. ಅದು ನನ್ನ ಕೆಲಸವಲ್ಲ.

ನಾಲ್ಕನೆಯದನ್ನು ಹೇಳಿದ್ದಕ್ಕೆ ನಮ್ಮವರೇ ನನ್ನನ್ನು ತರಾಟೆಗೆ ತೆಗೆದುಕೊಂಡರು. ಈ ವೀಸಾ ಮೊದಲ ಸಲ ಸಿಗುವುದು 33 ತಿಂಗಳಿಗೆ. ಅದು ನಿಂತಿರುವುದು ಆ ಸಂಬಂಧದ ಮೇಲೆ. ಸಂಬಂಧ ಮುರಿದರೆ ಅಲ್ಲಿನ ಗೃಹ ಇಲಾಖೆಗೆ ತಿಳಿಸಬೇಕು, ವೀಸಾ ಅವಧಿಯನ್ನು ಮೊಟಕು ಮಾಡಬಹುದು. ದೌರ್ಜನ್ಯದಿಂದ ಸಂಬಂಧ ಮುರಿದಿದ್ದರೆ ಬೇರೆ ದಾರಿಯಿದೆ. 3 ತಿಂಗಳ ತಾತ್ಕಾಲಿಕ ಅನುಮತಿ ಪಡೆದು, ಅಷ್ಟರೊಳಗೆ ಕಾಯಂ ವಾಸಕ್ಕೆ ಸ್ವಂತವಾಗಿ ಅರ್ಜಿ ಹಾಕಬಹುದು. ಇದನ್ನೆಲ್ಲ ಹೊರಡುವ ಮೊದಲೇ ತಿಳಿದುಕೊಳ್ಳಿ, ಪಾಸ್‌ಪೋರ್ಟು, ಡಿಗ್ರಿ ಸರ್ಟಿಫಿಕೇಟು ನಿಮ್ಮ ಕೈಯಲ್ಲೇ ಇರಲಿ, ನಿಮ್ಮ ಹೆಸರಿನ ಬ್ಯಾಂಕ್ ಖಾತೆ ಮುಚ್ಚಬೇಡಿ ಅಂತ ಹೇಳಿದೆ.

"ಗಂಡ ಒಳ್ಳೆಯವನು ಅಂತ ಅವಳೇ ಹೇಳ್ತಿದ್ದಾಳಲ್ಲ, ಸುಮ್ನೆ ಯಾಕೆ ತಲೆಯಲ್ಲಿ ಹುಳ ಬಿಡ್ತೀರಿ?" ಅಂದರು ಒಬ್ಬ ಸಹೋದ್ಯೋಗಿ. ಇನ್ನೊಬ್ಬರ ತಕರಾರು ಬೇರೆ. ಸಲಹೆಗಾರರು ದಾರಿ ತೋರಿಸಬಾರದು, ಬಂದವರೇ ಕಂಡುಕೊಳ್ಳಬೇಕು ಅನ್ನುವುದು ಅವರ ವಾದ. ಭಾವನೆಗಳ ವಿಷಯದಲ್ಲಿ ನಾನೂ ಹಾಗೇ ನಡೆದುಕೊಳ್ಳುತ್ತೇನೆ. ನಿಮಗೆ ಏನು ಅನಿಸಬೇಕು ಅಂತ ಯಾರಿಗೂ ಹೇಳುವುದಿಲ್ಲ. ಆದರೆ ಕಾನೂನು ಒಬ್ಬರ ನೆಲೆಯನ್ನು ಇನ್ನೊಬ್ಬರಿಗೆ ಕಟ್ಟಿಹಾಕಿರುವಾಗ ಆ ಸಂಗತಿಯನ್ನು ಹೇಳದೆ ಮುಗುಳ್ನಗುತ್ತಾ ತಲೆಯಾಡಿಸಿಕೊಂಡು ಕೂರುವುದು ನನ್ನಿಂದಾಗದು. ನಾನು ಈ ಮಾತನ್ನು ಗುಟ್ಟಾಗಿಯೂ ಹೇಳಲಿಲ್ಲ. ವಿಡಿಯೋ ಕರೆಯಲ್ಲಿ ಗಂಡನೂ ಸೇರಿಕೊಂಡ ದಿನ ಇಬ್ಬರ ಎದುರಿಗೂ ಹೇಳಿದೆ. ಹೆಂಡತಿಯ ಹತ್ತಿರ ಹೊರಟ ಗಂಡಂದಿರಿಗೂ ಇದೇ ಮಾತು ಹೇಳುತ್ತೇನೆ.

ಆ ಕರೆಯ ಬಗ್ಗೆ ಒಂದೆರಡು ಮಾತು. ಸುಮಾ ಅವರ ಪತ್ರವನ್ನು ಗಂಡ ಅಷ್ಟರಲ್ಲಿ ಓದಿದ್ದರು. ಮೊದಲು ಅವರು ಹೇಳಿದ್ದು, "ಬಂದ್ಮೇಲೆ ಎಲ್ಲ ನೋಡ್ಕೊಳ್ಳೋಣ ಅಂದ್ಕೊಂಡಿದ್ದೆ." ನನ್ನ ಕೆಲಸದಲ್ಲಿ ಅತಿ ಹೆಚ್ಚು ಕೇಳುವ, ಅತಿ ಹೆಚ್ಚು ಕಿರಿಕಿರಿ ಮಾಡುವ ಮಾತು ಇದು. ಬಂದ ಮೇಲೆ ನೋಡಬೇಕಾದವರು ಒಬ್ಬರೇ ಆಗಿರುತ್ತಾರೆ, ಬಂದವರು. ಅದನ್ನು ಅವರಿಗೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬದಲಿಗೆ ತಮ್ಮ ಕಡೆಯ ಕಥೆ ಹೇಳಿದರು. ಇಷ್ಟವಿದ್ದ ಹಳೇ ಕೆಲಸ ಬಿಟ್ಟದ್ದು, ಹೊಸ ಕಡೆ ರಾತ್ರಿ ಪಾಳಿ, ತಿರಸ್ಕಾರವಾದಾಗ "ಹೆಂಡತಿಯನ್ನು ಸಾಕುವ ಯೋಗ್ಯತೆ ನಿನಗಿಲ್ಲ ಅಂತ ಸರ್ಕಾರವೇ ಬರೆದುಕೊಟ್ಟ ಹಾಗಾಯ್ತು" ಅನಿಸಿದ್ದು. ಸುಮಾಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರು ಬಾಯಿ ಬಿಟ್ಟು ಹೇಳಿದರು: "ನನ್ನನ್ನ ಸಾಕಿ ಅಂತ ನಾನು ಯಾವತ್ತು ಕೇಳಿದೆ?" ಅದು ಜಗಳದ ದನಿಯಲ್ಲೇ ಇತ್ತು. ನನಗೆ ಖುಷಿಯಾಯಿತು. ತಿಂಗಳುಗಳ ನಂತರ ಅವರಿಬ್ಬರೂ ಬ್ಯಾಂಕ್ ಸ್ಟೇಟ್‌ಮೆಂಟ್ ಬಿಟ್ಟು ಬೇರೆ ವಿಷಯಕ್ಕೆ ಜಗಳವಾಡುತ್ತಿದ್ದರು.

ಇಮೇಲ್ ಓದಿ ನಿರಾಳ ಅನಿಸಿದ್ದನ್ನು ಗಂಡನಿಗೆ ಹೇಳಬೇಕಾ ಅಂತ ಸುಮಾ ಆಮೇಲೆ ಕೇಳಿದರು. ಅದು ನಿಮಗೆ ಬಿಟ್ಟದ್ದು ಅಂದೆ. ಹೇಳಿದರೋ ಇಲ್ಲವೋ ನಾನು ಕೇಳಲಿಲ್ಲ.

ಮುಂದೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. ನೋಂದಣಿ ಕೆಲಸ ಶುರುವಾಯಿತು. ವಿಸಿಟರ್ ವೀಸಾ ಸಿಕ್ಕಿತು, ಹೋಗಿ ಬಂದರು. ಗಂಡ ನನ್ನ ಮಾತು ಮೀರಿ ಅರ್ಧ ದಿನಗಳಿಗೆ ರಜೆ ಹಾಕಿ ಊರು ಸುತ್ತಿಸಿದರಂತೆ. "ನಿಮ್ಮ ಆ ಸಲಹೆ ಮಾತ್ರ ದುಡ್ಡು ದಂಡ ಮೇಡಂ. ನೆಂಟರ ಥರ ಹೋದ್ರೆ ನೆಂಟರ ಥರಾನೇ ನೋಡ್ಕೋತಾರೆ" ಅಂತ ಸುಮಾ ಹೇಳಿದರು. ನಾನು ಒಪ್ಪಲಿಲ್ಲ. ಉಳಿದ ಅರ್ಧ ದಿನಗಳಲ್ಲಿ ಅವರು ಒಬ್ಬರೇ ಬಸ್ಸು ಹತ್ತಿ ಎರಡು ಕ್ಲಿನಿಕ್‌ಗಳಿಗೆ ಹೋಗಿ ವಿಚಾರಿಸಿ ಬಂದಿದ್ದರು. ಮುಂದೆ ಬರುವವರಿಗೂ ನಾನು ಈ ಸಲಹೆ ಕೊಡುತ್ತೇನೆ, ರಜೆ ಹಾಕಬಾರದು ಅನ್ನುವುದನ್ನು ಇನ್ನೂ ಒತ್ತಿ ಹೇಳುತ್ತೇನೆ.

ಎರಡನೇ ಅರ್ಜಿಗೆ ವೀಸಾ ಬಂತು. ಈಗ ಸುಮಾ ಅಲ್ಲೇ ಇದ್ದಾರೆ, ನೋಂದಣಿಯೂ ಮುಗಿದಿದೆ. ಸಿಕ್ಕ ಕೆಲಸ ಊರಿನ ಇನ್ನೊಂದು ತುದಿಯಲ್ಲಿ, ಮನೆ ಗಂಡನ ಆಫೀಸಿನ ಪಕ್ಕ. ಯಾರ ಕಡೆಗೆ ಮನೆ ಬದಲಿಸಬೇಕು ಅಂತ ಸದ್ಯಕ್ಕೆ ಇಬ್ಬರಿಗೂ ವಾದ ನಡೆದಿದೆಯಂತೆ. ಅದಕ್ಕೆ ನನ್ನ ಸಲಹೆ ಕೇಳಿಲ್ಲ.